ಬಾಣ ಯಾವ ಕಡೆಗೆ

ಏಳನೇ ಕ್ಲಾಸಿನ ಉತ್ತರಪತ್ರಿಕೆ, ಮೂರನೇ ಪ್ರಶ್ನೆ:
ಆಹಾರ ಸರಪಳಿಯ ಚಿತ್ರ ಬರೆದು ಬಾಣ ಗುರುತಿಸಿ.
ಎಲ್ಲರೂ ಬರೆದಿದ್ದರು ಹುಲ್ಲು, ಮಿಡತೆ, ಕಪ್ಪೆ, ಹಾವು,
ಕೊನೆಗೊಂದು ಹದ್ದು, ಕೆಲವರದ್ದು ಕೋಳಿಯ ಹಾಗೆ.
ಮುನಿಚಂದ್ರನೊಬ್ಬ ಬಾಣಗಳನ್ನೆಲ್ಲ ತಿರುಗಿಸಿಟ್ಟಿದ್ದ:
ಹಸುವಿನಿಂದ ಹುಲ್ಲಿಗೆ, ಹದ್ದಿನಿಂದ ಮೀನಿಗೆ.
ಮೂಲೆಯಲ್ಲಿ ಕುಡುಗೋಲು ಹಿಡಿದ ಹೆಂಗಸು,
ಅವಳಿಂದಲೂ ಒಂದು, ಹುಲ್ಲಿಗೆ.
ಕೆಂಪು ಪೆನ್ನಲ್ಲಿ ಸುತ್ತು ಹಾಕಿ ಅರ್ಧ ಅಂಕ ಕಳೆದೆ.

'ಬಾಣ ಅಂದ್ರೆ ಹೊಟ್ಟೆಗೆ ಹೋಗೋ ದಾರಿ ಕಣೋ,
ಯಾರಿಂದ ಯಾರಿಗೆ ಶಕ್ತಿ ಹೋಯ್ತು ಅಂತ.'
'ಹುಲ್ಲು ಎಲ್ಲೋಗ್ತದೆ ಮಿಸ್?
ಅದು ನಿಂತಲ್ಲೇ ನಿಂತಿರ್ತದೆ.
ಹೋಗೋದು ನಮ್ಮಜ್ಜಿ.'

ಶನಿವಾರ ಬೆಳಗಿನ ಸ್ಕೂಲು ಮುಗಿಸಿ ಏರಿ ಹತ್ತಿದೆ.
ಗಿಡ್ಡಪ್ಪನ ಕೆರೆ. ಹತ್ತು ವರ್ಷದಿಂದ
ನನ್ನ ಅಡುಗೆಮನೆ ಕಿಟಕಿಯಲ್ಲಿ ಬರೀ ವಾಸನೆಯಾಗಿದ್ದದ್ದು.
ಮೊಣಕಾಲುದ್ದ ನೀರಲ್ಲಿ ಪಿಳ್ಳಮ್ಮ,
ಸೀರೆ ಎತ್ತಿ ಕಟ್ಟಿ, ಜೊಂಡಿನ ಸಂದಿಯಲ್ಲಿ ಕೈಯಿಟ್ಟು
ಹೊನಗೊನೆಯ ದಾಯಾದಿಯಂಥ ಒಂದು ಹಸಿರನ್ನು
ಹಿಡಿಹಿಡಿಯಾಗಿ ಕೊಯ್ಯುತ್ತಿದ್ದಳು.
ಬೆನ್ನ ಹಿಂದೆ ಎರಡು ಬೆಳ್ಳಕ್ಕಿ,
ಅವಳ ಹೆಜ್ಜೆಗೆ ಬೆದರಿ ಎದ್ದ ಹುಳುವಿಗೆ ಕೊಕ್ಕು ಹಾಕುತ್ತ,
ಬಾಡಿಗೆ ಕೊಡದ ನೆಂಟರ ಗತ್ತಿನಲ್ಲಿ.

'ಬೇಸಿಗೇಲೂ ಇಷ್ಟು ಸೊಂಪಾಗಿ ಹೇಗಮ್ಮಾ ಬರ್ತದೆ?'
ಕುಡುಗೋಲಲ್ಲೇ ತೋರಿಸಿದಳು: ರಾಜಕಾಲುವೆ,
ಅದರಾಚೆ ನಮ್ಮ ಅಪಾರ್ಟ್‌ಮೆಂಟು,
ನಾನೇ ಒಣಹಾಕಿದ ಹಳದಿ ಟವೆಲ್ಲು.
'ನಿಮ್ಮಂಥೋರು ದಿನಾ ಗೊಬ್ರ ಕಳಿಸ್ತೀರಲ್ಲ ತಾಯಿ.'

ನಗು ಬರಲಿಲ್ಲ. ಲೆಕ್ಕ ಹಾಕುತ್ತ ಮನೆಗೆ ನಡೆದೆ:
ಮೂಟೆಗೆ ಎಂಬತ್ತರಂತೆ ಹುಲ್ಲು ಚಿಕ್ಕಮುನಿಶಾಮಿಯ ಕೊಟ್ಟಿಗೆಗೆ,
ಕೊಟ್ಟಿಗೆಯ ಹಾಲು ಸ್ಟೀಲ್ ಕ್ಯಾನಲ್ಲಿ ನಮ್ಮ ಲಿಫ್ಟಿಗೆ,
ಲಿಫ್ಟಿನಿಂದ ನನ್ನ ಕಾಫಿಗೆ, ಕಾಫಿಯಿಂದ ನನಗೆ,
ನನ್ನಿಂದ
ಪೈಪಿಗೆ, ಕಾಲುವೆಗೆ, ಕೆರೆಗೆ, ಮತ್ತೆ ಹುಲ್ಲಿಗೆ.
ಜೊತೆಯಲ್ಲೇ ಯಾರೂ ತಿನ್ನದ ಸೋಪು,
ಯಾವುದೋ ಶೆಡ್ಡಿನವರು ರಾತ್ರಿ ಬಿಡುವ ಬಣ್ಣದ ನೀರು.
ಪಾಠದಲ್ಲಿ ಅದಕ್ಕೆ ಚಿತ್ರವಿರಲಿಲ್ಲ.

ಯುಗಾದಿ ಕಳೆದ ವಾರ ಒಂದು ಸಂಜೆ, ಆಲಿಕಲ್ಲಿನೊಡನೆ ಜೋರು ಮಳೆ.
ಊರೆಲ್ಲ ಮಣ್ಣಿನ ಘಮಕ್ಕೆ ಮೂಗರಳಿಸಿ ಬಾಲ್ಕನಿಗೆ ಬಂತು.
ಕಾಲುವೆ ತಿಂಗಳುಗಟ್ಟಲೆ ತುಂಬಿಟ್ಟುಕೊಂಡಿದ್ದನ್ನು
ಒಂದೇ ರಾತ್ರಿ ಕೆರೆಗೆ ಸುರಿಯಿತು.
ಬೆಳಿಗ್ಗೆ ಕೋಡಿಯ ಬಳಿ ಜಿಲೇಬಿ ಮೀನು,
ಹೊಟ್ಟೆ ಮೇಲಾಗಿ, ಸಾಲುಸಾಲು,
ಯಾರೋ ತಟ್ಟೆ ತೊಳೆದು ಬೋರಲು ಹಾಕಿದಂತೆ.

ವಿಷ ಅಂದರು ಏರಿಯ ಮೇಲೆ ನಿಂತವರು.
ವಿಷವೇ ಬೇಕಿರಲಿಲ್ಲ. ಬಂದ ಕೊಳೆಗೆ ಮುತ್ತಿದವು
ಕಣ್ಣಿಗೆ ಕಾಣದ ಕೋಟಿ ಬಾಯಿಗಳು.
ತಿನ್ನುವುದಕ್ಕೂ ಉಸಿರು ಬೇಕು.
ನೀರಲ್ಲಿದ್ದ ಉಸಿರನ್ನೆಲ್ಲ ಅವೇ ಎಳೆದುಕೊಂಡವು.
ಮೀನು ಮೇಲೆ ಬಂದು ಗಾಳಿಗೆ ಬಾಯಿ ತೆರೆದವು,
ಬೆಳಗಾಗುವವರೆಗೂ ತೆರೆದವು.

ಗುತ್ತಿಗೆಯ ಯೇಸುಪಾದಂ
ದಡಕ್ಕೆ ಬೋರಲು ಹಾಕಿದ ಹರಿಗೋಲಿನ ಮೇಲೆ ಕೂತಿದ್ದ.
ಬೀಡಿ ಹಚ್ಚಿದ, ಸೇದಲಿಲ್ಲ.
ಎಲ್ಲಿದ್ದವೋ ಅಷ್ಟು ಹದ್ದುಗಳು,
ಒಂದೊಂದೇ ರೆಕ್ಕೆ ಮಡಚಿ
ಆಕಾಶದಿಂದ ನೀರಿಗೆ, ನೆಟ್ಟಗೆ,
ಆ ಹುಡುಗ ಬರೆದ ಬಾಣದಂತೆಯೇ.

ಅಂಕಪಟ್ಟಿ ಆಗಲೇ ಹೆಡ್‌ಮಿಸ್ ಸಹಿಯಾಗಿ ಬೀರುವಿನಲ್ಲಿತ್ತು.
ನಾನು ಕಲಿಸಿದ್ದು ತಪ್ಪಲ್ಲ;
ಶಕ್ತಿ ಹೋಗುವುದು ಹಾಗೆಯೇ, ಈಗಲೂ ಹಾಗೆಯೇ ಕಲಿಸುತ್ತೇನೆ.
ಹಸಿವು ಹೊರಡುವ ದಾರಿಗೆ ಮಾತ್ರ
ಇನ್ನೊಂದು ಬಣ್ಣದ ಸೀಮೆಸುಣ್ಣ ಇಟ್ಟುಕೊಂಡಿದ್ದೇನೆ.

ಮಾರನೆಯ ದಿನವೂ ಪಿಳ್ಳಮ್ಮ ನೀರಿಗಿಳಿದಳು,
ಸತ್ತ ಮೀನನ್ನು ಕಾಲಲ್ಲಿ ಸರಿಸುತ್ತ.
ಬೆಳ್ಳಕ್ಕಿ ಈಗ ಮೂರು.

ಆರು ಗಂಟೆಗೆ ಬಾಗಿಲಲ್ಲಿ ಕ್ಯಾನಿನ ಸದ್ದು.
ಪಾತ್ರೆ ಹಿಡಿದು ಹೋದೆ.
ಹೋದದ್ದು ನಾನು.
ಹಾಲು ನಿಂತಲ್ಲೇ ನಿಂತಿತ್ತು.